ಟ್ರ್ಯಾಕ್ಟರಿಗೆ ಕಟ್ಟಿದ ಲ್ಯಾಪ್‌ಟಾಪು

ನಡುವೆ ಕೂತು ತಿನ್ನುವವರನ್ನು ಕಂಡರೆ ಕಾಮಗೆರೆಯ ಶಾಂತಮೂರ್ತಿಗೆ ಮೈಯೆಲ್ಲ ಉರಿ. ರೇಷ್ಮೆಗೂಡಿನ ಮಾರುಕಟ್ಟೆಯ ದಲ್ಲಾಳಿಯಾಗಲಿ, ಆಫೀಸಿನ ಬಾಗಿಲಲ್ಲಿ ಹಲ್ಲು ಕಿರಿಯುವ ಏಜೆಂಟಾಗಲಿ, ಅವನ ಕಣ್ಣಿಗೆ ಎಲ್ಲ ಒಂದೇ ಕುಲದ ಹೆಗ್ಗಣಗಳು. ಹೆಣ್ಣು ಕೇಳುವಾಗಲೂ ನಡುವೆ ಯಾರನ್ನೂ ಬಿಟ್ಟುಕೊಂಡಿರಲಿಲ್ಲ. ಒಬ್ಬನೇ ಬಸ್ಸು ಹತ್ತಿ ಯಳಂದೂರಿಗೆ ಹೋಗಿ, ಅವರ ಜಗಲಿಯ ಮೇಲೆ ಕೂತು, ‘ನಿಮ್ ಮಗಳ ಕೊಡಿ’ ಎಂದು ಗುಡುಗಿ ಬಂದಿದ್ದ. (ಅಷ್ಟು ಜೋರಾಗಿ ಕೇಳಿದವನಿಗೆ ಇಲ್ಲ ಅನ್ನಲು ತನ್ನಪ್ಪನಿಗೆ ಧೈರ್ಯ ಬರಲಿಲ್ಲ ಎಂದು ಹೆಂಡತಿ ಮಾಲಿನಿ ಇವತ್ತಿಗೂ ಹೇಳುತ್ತಾಳೆ.) ಶಾಂತಮೂರ್ತಿ ಎಂದು ಹೆಸರಿಟ್ಟವರ ತಪ್ಪೇನಿಲ್ಲ. ನಾಮಕರಣದ ಹೊತ್ತಿಗೆ ಮಗು ನಿದ್ದೆ ಮಾಡುತ್ತಿತ್ತಂತೆ.

ಆ ಸೋಮವಾರ ಬೆಳಿಗ್ಗೆಯೇ ಕರೆಂಟು ಹೋಯಿತು. ಮೇನ್ ಲೈನಿನ ಮೇಲೆ ಮರ ಬಿದ್ದಿದೆ, ಸಂಜೆಯಾದೀತು ಎಂದು ಲೈನ್‌ಮ್ಯಾನ್ ಹೇಳಿಹೋದ. ಬೇರೆ ದಿನವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನ ಮೂರಕ್ಕೆ ಮಾಲಿನಿಯ ಪರೀಕ್ಷೆ. ಮದುವೆಯ ಗಲಾಟೆಯಲ್ಲಿ ಅರ್ಧಕ್ಕೆ ನಿಂತ ಡಿಗ್ರಿಯನ್ನು ಮನೆಯಲ್ಲೇ ಕೂತು ಓದಿ, ಕೊನೆಯ ಪೇಪರಿಗೆ ತಂದು ನಿಲ್ಲಿಸಿದ್ದಳು. ಲ್ಯಾಪ್‌ಟಾಪಿನಲ್ಲೇ ಬರೆಯಬೇಕು, ಫೋನಿನಲ್ಲಿ ಆಗದು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಲ್ಯಾಪ್‌ಟಾಪಿನಲ್ಲೋ, ಚಾರ್ಜು ತಳ ಕಂಡಿತ್ತು.

“ರುದ್ರಂಗೆ ಫೋನ್ ಮಾಡ್ತೀನಿ, ಏನಾರ ದಾರಿ ಯೋಳ್ತನೆ” ಎಂದಳು ಮಾಲಿನಿ. ರುದ್ರಸ್ವಾಮಿ ಅವಳ ತಮ್ಮ. ಯಳಂದೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ಆ ಲ್ಯಾಪ್‌ಟಾಪನ್ನು ಅಕ್ಕನಿಗೆ ಕೊಡಿಸಿದವನೂ ಅವನೇ.

“ಬ್ಯಾಡ! ನಾನೇನು ಸತ್ತೋಗಿವ್ನಾ?” ಶಾಂತಮೂರ್ತಿ ಎದ್ದು ನಿಂತ. “ಕೊಟ್ಟಿಗೇಲಿ ಟ್ಯಾಕ್ಟರ್ ಅದೆ. ಟ್ಯಾಕ್ಟರಲ್ಲಿ ಬ್ಯಾಟ್ರಿ ಅದೆ. ಲೋಡ್‌ಗಟ್ಲೆ ಕಬ್ಬು ಎಳ್ಯೋ ಗಾಡಿಗೆ ಈ ಹಂಚಿನಗಲದ ಡಬ್ಬಿಗೆ ಅನ್ನ ಹಾಕಕಾಗಲ್ವಾ?”

ಒಳಗಿನಿಂದ ತಾಯಿ ಪುಟ್ಟಬಸಮ್ಮ ಬಂದರು. ಸೋಮವಾರ ಬಸವನ ಹೆಗಲಿಗೆ ನೊಗ ಇಡಬಾರದು ಎಂಬುದು ಆ ಮನೆಯ ಶಾಸನ. ಎತ್ತುಗಳನ್ನು ಮಾರಿ ಟ್ರ್ಯಾಕ್ಟರು ತಂದ ಮೇಲೆ ಆ ರಜೆ ಟ್ರ್ಯಾಕ್ಟರಿಗೆ ವರ್ಗವಾಗಿತ್ತು. ಅಂದು ಅದಕ್ಕೆ ಬಾನೆಟ್ ತುಂಬ ವಿಭೂತಿ, ಮೇಲೊಂದು ಕಣಗಲೆ ಹೂ, ಪೂರ್ಣ ವಿಶ್ರಾಂತಿ.

“ಸೋಮ್ವಾರ ಅದ ಮುಟ್ಬ್ಯಾಡ ಕಣ್ಲಾ” ಎಂದರು.

“ಇಂಜಿನ್ ಮುಟ್ಟಲ್ಲ ಕಣವ್ವ. ಮಲ್ಗಿದ್ದಂಗೇ ಮಲ್ಗಿರ್ಲಿ. ಬ್ಯಾಟ್ರಿಯಿಂದ ಒಂಚೂರು ಎಳ್ಕತೀನಿ.”

“ಮಲ್ಗಿರೋ ಬಸವನ ಹಾಲು ಕರೀತಿಯಾ? ಕರಿ, ಕರಿ. ಒದುಸ್ಕೊಂಡು ಬಾ.”

ತಾಯಿಯ ಮಾತನ್ನು ಆಶೀರ್ವಾದವೆಂದು ಸ್ವೀಕರಿಸಿ ಶಾಂತಮೂರ್ತಿ ಚಾರ್ಜರನ್ನು ಕೈಗೆತ್ತಿಕೊಂಡ. ಗೋಡೆಯ ಕಡೆಗೊಂದು ವೈರು, ಲ್ಯಾಪ್‌ಟಾಪಿನ ಕಡೆಗೊಂದು ವೈರು, ಎರಡರ ನಡುವೆ ಸೋಪಿನ ಆಕಾರದ ಒಂದು ಕಪ್ಪು ಗಟ್ಟಿ. ಅವನ ಕಣ್ಣು ಆ ಗಟ್ಟಿಯ ಮೇಲೆ ನೆಟ್ಟಿತು.

“ಇದೇನು, ನಡುವೆ ಕೂತಿರೋದು?”

“ಅದೇ ಕಣ್ರೀ, ಕರೆಂಟನ್ನ ಅದ್ಕೆ ಬೇಕಾದಂಗೆ ಮಾಡ್ಕೊಡೋದು. ಅದ್ರ ಮೇಲೆ ಹತ್ತೊಂಬತ್ತು ವೋಲ್ಟು ಅಂತ ಬರ್ದದೆ. ಟ್ಯಾಕ್ಟರ್‌ದು ಹನ್ನೆರಡು. ಸುಮ್ನೆ ಬುಟ್ಬುಡಿ.”

“ಮುಟ್ಟಿ ನೋಡಿದ್ದಿಯಾ ಇದ? ಚಾರ್ಜಿಗೆ ಹಾಕ್ದಾಗ ಬಿಸಿ ಆಯ್ತದೋ ಇಲ್ವೋ?”

“ಆಯ್ತದೆ.”

“ಯಾಕಾಯ್ತದೆ? ತಿಂತಾ ಅದೆ, ಅದ್ಕೆ! ಹತ್ತೊಂಬತ್ತರಲ್ಲಿ ಏಳು ಈ ದಲ್ಲಾಳಿ ಹೊಟ್ಟೆಗೆ. ಉಳಿದದ್ದು ಎಷ್ಟು? ಹನ್ನೆರಡು! ನಮ್ ಬ್ಯಾಟ್ರೀಲಿ ಇರೋದೆಷ್ಟು? ಹನ್ನೆರಡು! ದಲ್ಲಾಳಿ ತಗುದ್ರೆ ಲೆಕ್ಕ ಸರೋಯ್ತು.”

ಡಿಗ್ರಿಯ ಕೊನೆಯ ಪೇಪರಿಗೆ ಬಂದಿದ್ದ ಮಾಲಿನಿಗೂ ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ತಟ್ಟನೆ ಹೇಳಲಾಗಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಪ್ಪುನೇರಳೆ ಕಡ್ಡಿ ಸವರುವ ಕತ್ತರಿ ಕಚಕ್ ಎಂದಿತು. ದಲ್ಲಾಳಿ ಒಂದು ಕಡೆ, ಪಿನ್ನಿನ ವೈರು ಇನ್ನೊಂದು ಕಡೆ.

ಲ್ಯಾಪ್‌ಟಾಪನ್ನು ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂರಿಸಲಾಯಿತು. ವೈರಿನ ತುದಿ ಸುಲಿದರೆ ಒಳಗೊಂದು ತಂತಿ, ಅದರ ಸುತ್ತ ಜಾಲರಿಯಂತೆ ಇನ್ನೊಂದು. ಅವೆರಡನ್ನೂ ಎಳೆದು, ಹಿಗ್ಗಿಸಿ, ಬ್ಯಾಟರಿಯ ಎರಡು ಕೊಂಬಿಗೆ ಸುತ್ತಿ, ಪಿನ್ನನ್ನು ಚುಚ್ಚಿ, ಶಾಂತಮೂರ್ತಿ ಸೊಂಟಕ್ಕೆ ಕೈಕೊಟ್ಟು ನಿಂತ.

ಚಾರ್ಜಿನ ದೀಪ ಹತ್ತಲಿಲ್ಲ.

ಪಿನ್ನು ತಿರುಗಿಸಿದ. ಊದಿದ. ಲ್ಯಾಪ್‌ಟಾಪಿನ ಬೆನ್ನು ತಟ್ಟಿದ, ಕೂಸಿಗೆ ತೇಗು ಬರಿಸುವ ಹಾಗೆ. “ಹನ್ನೆರಡು ಕೊಟ್ರೆ ಮೂಸೂ ನೋಡಲ್ವಲ್ಲ, ಏನ್ ಗಾಂಚಲಿ ಇದುಕ್ಕೆ!” ಎಂದು ಅಬ್ಬರಿಸಿದ. ಲ್ಯಾಪ್‌ಟಾಪು ಬೆದರಲಿಲ್ಲ. ಆ ಊರಿನಲ್ಲಿ ಅವನಿಗೆ ಹೆದರದ ಮೊದಲ ಪ್ರಾಣಿ ಅದು.

ಅಷ್ಟರಲ್ಲಿ ಮನೆಯೊಳಗೆ ಫ್ಯಾನು ಗಿರ್ ಎಂದಿತು. ಪಕ್ಕದ ಮನೆಯಲ್ಲಿ ಮಿಕ್ಸಿ ಕಿರುಚಿತು. ಕರೆಂಟು ಬಂದಿತ್ತು! ಬಂದು ಏನು ಪ್ರಯೋಜನ, ಚಾರ್ಜರಿನ ಶಿರಚ್ಛೇದನ ಆಗಿಹೋಗಿತ್ತಲ್ಲ. ಮಾಲಿನಿ ಕತ್ತರಿಸಿದ ತುಂಡನ್ನು ನೋಡಿದಳು, ಗಂಡನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಣ್ಣೀರಿಗೆ ಏನೆಂದು ಬೈಯುವುದು? ಶಾಂತಮೂರ್ತಿ ಗಂಟಲು ಸರಿಮಾಡಿಕೊಂಡು, “ಮಾಡು, ಆ ನಿನ್ ತಮ್ಮಂಗೆ” ಎಂದ.

ರುದ್ರಸ್ವಾಮಿ ಮೊದಲು ಮನಸಾರೆ ನಕ್ಕ. ಆಮೇಲೆ ಹೇಳಿದ: “ಭಾವ, ಒಳಗಿನ ತಂತಿಗೆ ಒಳಗಿನ್ದು, ಜಾಲರಿಗೆ ಜಾಲರಿ. ಒಂದಕ್ಕೊಂದು ತಗುಲ್ಬಾರ್ದು. ಸೇರ್ಸಾದ್ಮೇಲೆ ಗೋಡೆಗೆ ಹಾಕಿ. ಟೇಪ್ ಸುತ್ತಿ.”

ಟೇಪು ಔಷಧಿ ಹೊಡೆಯುವ ಪಂಪಿನ ಪೈಪಿಗೆ ಸುತ್ತಿ ಖರ್ಚಾಗಿತ್ತು. ಬ್ಯಾಟರಿಯ ಕೊಂಬಿಗೆ ಎಳೆದಾಡಿದ್ದರಿಂದ ತಂತಿಯೂ ಮುರಿದು ಮೋಟಾಗಿತ್ತು. ಬೆರಳು ಬಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು.

“ಹಂಗಾರೆ ಇಡ್ಕಂಡೇ ಕೂತ್ಕಳಿ ಭಾವ. ಆ ಗಟ್ಟಿ ದಾಟಿ ಬರೋ ಕರೆಂಟು ಸಣ್ದು, ಶಾಕ್ ಒಡಿಯಲ್ಲ.”

ಪರೀಕ್ಷೆಯ ಕಟ್ಟಳೆ ಬೇರೆ: ಕ್ಯಾಮರಾ ನೋಡುತ್ತಿರುತ್ತದೆ, ಕೋಣೆಯಲ್ಲಿ ಬೇರೆ ಯಾರೂ ಕಾಣಕೂಡದು, ಬೇರೆ ದನಿ ಕೇಳಕೂಡದು. ಮಾಲಿನಿ ಮೇಜಿನ ಮೇಲೆ ನೆಲ ಮುಟ್ಟುವ ಹಾಗೆ ದುಪ್ಪಟಿ ಹಾಸಿ, ಬೆರಳಿಂದ ಅದರ ಕೆಳಗೆ ತೋರಿಸಿದಳು. ಕಾಮಗೆರೆಯ ಹುಲಿ ನಾಲ್ಕು ಕಾಲಿನಲ್ಲಿ ಒಳಗೆ ನುಸುಳಿತು. ಬಲಗೈಯಲ್ಲಿ ಒಳತಂತಿ, ಎಡಗೈಯಲ್ಲಿ ಜಾಲರಿ.

“ದೀಪ ಹತ್ಕಂತು. ಉಸಿರ್ಗಿಸಿರ್ ಬುಟ್ಟೀರಿ, ಜ್ವಾಕೆ” ಎಂದು ಮೇಲಿನಿಂದ ಅಪ್ಪಣೆಯಾಯಿತು.

ಮೂರಾಯಿತು. ಮೂಗಿನ ಮೇಲೆ ನೊಣ ಕೂತಿತು, ಸಹಿಸಿದ. ಅಂಗಾಲಿನಲ್ಲಿ ಜೋಮು ಹಿಡಿಯಿತು, ಸಹಿಸಿದ. ಆದರೆ ಕಿಟಕಿಯಾಚೆ ಜಗಲಿಯಲ್ಲಿ ತಾಯಿ, ಪಕ್ಕದ ಮನೆಯ ಶಿವನಂಜಮ್ಮನ ಕಿವಿಯಲ್ಲಿ ಗುಸುಗುಸು ಹೇಳುತ್ತಿದ್ದುದನ್ನು ಸಹಿಸುವುದು ಮಾತ್ರ ಘೋರ ತಪಸ್ಸಾಯಿತು.

“ಚಿಕ್ಕೋನಾಗಿದ್ದಾಗ್ಲೂ ಇಂಗೇ ಕಣವ್ವ. ನಡುವೆ ಚೊಂಬು ಯಾಕೆ ಅಂತ ಎಮ್ಮೆ ಕೆಚ್ಚಲಿಗೇ ಬಾಯಾಕ್ದ. ಅದು ಒದ್ದದ್ದು ಒದ್ದದ್ದೇ, ತಿಪ್ಪೇಲಿ ಓಗಿ ಬಿದ್ದ.”

ಅದು ಸುಳ್ಳು! ಬಿದ್ದಿದ್ದು ತಿಪ್ಪೆಯಲ್ಲಲ್ಲ, ಹುಲ್ಲಿನ ಮೆದೆಯಲ್ಲಿ! ಮಾತು ಗಂಟಲವರೆಗೆ ಬಂದು, ನುಂಗಿದಾಗ ಮೆಣಸಿನಕಾಯಿಯಂತೆ ಇಳಿಯಿತು. ಮೇಲೆ ಮಾಲಿನಿ ಕೀಲಿ ಒತ್ತುವ ಸದ್ದು ಒಂದೇ ಸಮನೆ ಬರುತ್ತಿತ್ತು. ಬರೀಲಿ, ಅಂದುಕೊಂಡ. ನಾನು ಕೆಡಿಸಿದ್ದು ನಾನೇ ಹಿಡಿದಿದ್ದೇನೆ.

ಎಷ್ಟು ಹೊತ್ತಾಯಿತೋ. ಕೀಲಿಗಳ ಸದ್ದು ನಿಂತಿತು. ಬಾಗಿಲು ತೆರೆದ ಸದ್ದು. ಲೋಟ ಇಟ್ಟ ಸದ್ದು. ಯಾರೋ ಕಾಫಿ ಊದಿ ಕುಡಿದ ಸದ್ದು. ಪರೀಕ್ಷೆಯಲ್ಲಿ ಕಾಫಿಗೂ ಬಿಡುತ್ತಾರೇನೋ, ದೊಡ್ಡ ಓದಲ್ಲವೇ ಎಂದುಕೊಂಡು ತಂತಿಯನ್ನು ಇನ್ನಷ್ಟು ಬಿಗಿಹಿಡಿದ.

ಆಗ ಫೋನಿನಲ್ಲಿ ಭಾಮೈದನ ದನಿ: “ಮುಗೀತಾ ಅಕ್ಕ?”

“ಆಗ್ಲೇ ಮುಗೀತು ಕಣೋ. ಚೆನ್ನಾಗ್ ಬರ್ದಿವ್ನಿ. ಚಾರ್ಜೂ ತುಂಬ್ಕಂಡದೆ.”

“ಭಾವ ಎಲ್ಲಿ?”

ಮಾಲಿನಿಯ ದನಿ ತಗ್ಗಿತು. “ಇನ್ನೂ ಕೆಳಗೇ ಅವ್ರೆ. ನಾನು ಎಬ್ಬುಸ್ಲಿಲ್ಲ. ಮನೆ ಇಷ್ಟು ತಣ್ಗಿರೋದ ನಾ ಕಂಡೇ ಇರ್ಲಿಲ್ಲ ಕಣೋ. ಇನ್ನೊಂದು ಲೋಟ ಕುಡುದ್ಬುಟ್ಟು ಯೋಳ್ತೀನಿ.”

“ಮೆಲ್ಲಗ್ ಮಾತಾಡವ್ವ, ಕೇಳುಸ್ಕಂಡಾನು” ಎಂದರು ಪುಟ್ಟಬಸಮ್ಮ, ಕಾಫಿ ಊದುತ್ತಲೇ.

ಶಾಂತಮೂರ್ತಿಯ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ನೆತ್ತಿ ಮೇಜಿಗೆ ಧಡ್ ಎಂದು ಬಡಿಯಿತು. ತಂತಿ ಎಸೆದು, ದುಪ್ಪಟಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಾಗಿಲಿಗೆ ಬಂದು, ಮಧ್ಯಾಹ್ನವಿಡೀ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಗರ್ಜಿಸಿದ: “ಏಯ್! ಏನಂದ್ಕಂಡಿದ್ದೀರಿ ನೀವೆಲ್ಲ ನನ್ನ!”

ಜಗಲಿಯ ತುಂಬ ಜನ. ಅರ್ಧ ಬೀದಿಯೇ ಅಲ್ಲಿ ಕೂತಿತ್ತು. ಗಂಡಸರು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ತಲೆ ತಗ್ಗಿಸಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟಿದ್ದರು. ಅಷ್ಟು ಹೊತ್ತು ಆ ಮನೆಯಿಂದ ಒಂದು ಕೂಗೂ ಬಾರದ್ದನ್ನು ಕಂಡು, ತಾಯಿ ಪಿಸುದನಿಯಲ್ಲಿ ಮಗನ ಬಾಲ್ಯ ನೆನೆಯುತ್ತಿದ್ದುದನ್ನು ಕೇಳಿ, ಆಗಬಾರದ್ದು ಆಗಿಯೇ ಹೋಗಿದೆಯೆಂದು ಒಬ್ಬೊಬ್ಬರಾಗಿ ಬಂದು ಕೂತವರು.

ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಶಿವನಂಜಮ್ಮ ಸೀರೆಯ ಧೂಳು ಕೊಡವುತ್ತ ಎದ್ದರು.

“ಚೆನ್ನಾಗೇ ಅವ್ನೆ, ಏಳ್ರವ್ವ. ಸುಮ್ನೆ ಒಲೆ ಮೇಲಿನ ಸಾರು ಬುಟ್ಟು ಬಂದೊ.”