ಕ್ಯಾಮೆರಾ ಕಂಡ ನಗು

ಬೆಳಗ್ಗೆ ಆಂಜಿನಪ್ಪ ಬಾಗಿಲು ತೆಗೆದರೆ ಜಗಲಿಯ ಮೊಳೆಯಲ್ಲಿ ಕೀ ಇಲ್ಲ, ಹೊಂಗೆ ಮರದಡಿ ಮೊಪೆಡ್ಡೂ ಇಲ್ಲ.

ಆ ಮೊಪೆಡ್ ಹೆಸರಿಗೆ ಮಾತ್ರ ಅವನದು. ದೊಡ್ಡಬೆಳವಂಗಲದ ಆ ಬೀದಿಯಲ್ಲಿ ಅದನ್ನು ಓಡಿಸದವರಿಲ್ಲ. ಒಯ್ಯುವವರು ಹಿತ್ತಲ ಕಡೆಗೊಂದು ಕೂಗು ಹಾಕಬೇಕು, ಅಷ್ಟೇ ಕಟ್ಟಳೆ. ಕೂಗಿಗೆ “ಹೂಂ, ತಗೊಂಡೋಗು” ಎನ್ನುತ್ತಿದ್ದವಳು ಹೆಂಡತಿ ಮುನಿತಾಯಮ್ಮ. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು. ಆಮೇಲೆ ಯಾರೂ ಗಾಡಿ ಮುಟ್ಟಿರಲಿಲ್ಲ.

ಗಾಡಿ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಹಿಂದಿನ ಸೀಟಿಗೆ ಅವಳು ಸುತ್ತಿದ್ದ ಹಳೇ ಸೀರೆಯ ತುಂಡು ಹಾಗೇ ಇತ್ತು. ಅದು ಹೋಗಬಾರದು.

ಪಕ್ಕದ ಮನೆಯ ಬೈರೇಶ್ ಬಿಡಲಿಲ್ಲ. “ಸ್ಟೇಷನ್ನಿಗೆ ನಡಿಯಣ್ಣ. ಈಗ ಕಂಪ್ಯೂಟರ್‌ಗೆ ನಂಬರ್ ಹಾಕಿದ್ರೆ ಒಂದೇ ನಿಮಿಷಕ್ಕೆ ಹೇಳ್ಬಿಡುತ್ತೆ.” ಕರೆಯದಿದ್ದರೂ ಎದುರುಮನೆಯ ಅಶ್ವತ್ಥಮ್ಮನೂ ಹೊರಟಳು.

ಠಾಣೆಯಲ್ಲಿ ಪೇದೆ ಮಮತ ಗಾಡಿಯ ಬಣ್ಣ ಕೇಳಿದಳು. ಮೂವರೂ ಮೂರು ಬಣ್ಣ ಹೇಳಿದರು. ಅವಳು ನಿಟ್ಟುಸಿರು ಬಿಟ್ಟು ನಂಬರ್ ಒತ್ತಿದಳು. “ರಸ್ತೆ ಕ್ಯಾಮೆರಾಗಳು ಪ್ಲೇಟ್ ಓದಿ ಇಟ್ಟಿರ್ತವೆ ಯಜಮಾನ್ರೇ. ಹಳೇದು ಮೊದ್ಲು ಬರುತ್ತೆ, ಇರಿ.”

ಪರದೆಯ ಮೇಲೆ ಹೋದ ವರ್ಷದ ಒಂದು ಚಿತ್ರ ಬಂತು. ಮೊಪೆಡ್ ಮೇಲೆ ಆಂಜಿನಪ್ಪ. ಹಿಂದೆ, ಅವನ ಭುಜ ಹಿಡಿದು, ಬಾಯ್ತುಂಬ ನಗುತ್ತಿರುವ ಮುನಿತಾಯಮ್ಮ.

ಮನೆಯಲ್ಲಿದ್ದದ್ದು ಅವಳ ಆಧಾರ್ ಕಾರ್ಡಿನ ಫೋಟೊ ಒಂದೇ. ಅದರಲ್ಲಿ ಅವಳು ಜಗಳಕ್ಕೆ ನಿಂತಂತಿದ್ದಳು. ಕ್ಯಾಮೆರಾ ಕಂಡರೆ ಅವಳ ಮುಖ ಬಿಗಿಯುತ್ತಿತ್ತು. ಈ ಕ್ಯಾಮೆರಾ ಅವಳಿಗೆ ಕಂಡಿರಲಿಲ್ಲ. ಆಂಜಿನಪ್ಪ ಗಾಡಿಯನ್ನೇ ಮರೆತ.

“ಮೇಡಂ, ಇದೊಂದು ಕೊಡಿ.”

“ಕೊಡಂಗಿಲ್ಲ. ಫೈನ್ ನೋಟಿಸ್ ಜೊತೆ ಮಾತ್ರ ಫೋಟೊ ಹೋಗೋದು.”

“ಹಂಗಾದ್ರೆ ಫೈನ್ ಹಾಕಿ! ನೋಡಿ, ಇಬ್ರೂ ಹೆಲ್ಮೆಟ್ ಹಾಕಿಲ್ಲ!”

“ಅದರ ವಾಯಿದೆ ಮುಗಿದೋಗಿದೆ. ರೀ, ಫೋನ್ ಒಳಗಿಡ್ರಿ!” ಎಂದು ಅವಳು ಪರದೆಯ ಫೋಟೊ ತೆಗೆಯಹೊರಟ ಬೈರೇಶನನ್ನು ಗದರಿದಳು. “ದೂರು ಇರೋವರ್ಗೂ ಈ ಪೇಜ್ ತೆರೆದಿರುತ್ತೆ, ಕೂತು ನೋಡಿ. ಗಾಡಿ ಸಿಕ್ಕಿದ ತಕ್ಷಣ ಮುಚ್ಚೋಗುತ್ತೆ. ಹಾಂ, ಇವತ್ತಿಂದೂ ಬಂತು. ಬಾಶೆಟ್ಟಿಹಳ್ಳಿ, ಏಳು ಹತ್ತು.” ಅಲ್ಲಿನ ಗಸ್ತಿನವರಿಗೆ ಆಗಲೇ ಸುದ್ದಿ ಹೋಗಿತ್ತು.

“ನಿಧಾನ್ಕೆ ಹುಡುಕ್ಲಿ ಮೇಡಂ. ಅವಸರ ಏನಿಲ್ಲ” ಎಂದ ಆಂಜಿನಪ್ಪ.

ಪೊಲೀಸರು ಎಂದೂ ಇಲ್ಲದ ಚುರುಕು ತೋರಿದರು. ಅರ್ಧ ಗಂಟೆಯಲ್ಲಿ ಮೊಪೆಡ್ ಬಂತು. ಜೊತೆಗೆ ಫ್ಯಾಕ್ಟರಿ ವಾಚ್‌ಮನ್ ಬಟ್ಟೆಯಲ್ಲಿ ಬೆವರುತ್ತಿದ್ದ ಕಡೇಮನೆಯ ಅಪ್ಪಯ್ಯಣ್ಣ.

“ಬಸ್ಸು ತಪ್ಪೋಯ್ತು ಕಣಣ್ಣಾ. ಹೇಳೇ ತಗೊಂಡೋದೆ!”

“ಯಾರಿಗ್ಲಾ ಹೇಳ್ದೆ?”

“ಅತ್ತಿಗೆಗೆ. ‘ಅತ್ತಿಗೆ, ಗಾಡಿ ತಗೊಂಡೆ’ ಅಂತ ಹಿತ್ಲ ಕಡೆ...” ಅವನ ಮಾತು ಅಲ್ಲೇ ನಿಂತಿತು. ಇಪ್ಪತ್ತು ವರ್ಷದ ಅಭ್ಯಾಸ.

ಯಾರೂ ನಗಲಿಲ್ಲ. ಆಂಜಿನಪ್ಪನಿಗೆ ಕೋಪಕ್ಕಿಂತ ಹೊಟ್ಟೆಕಿಚ್ಚು ಬಂತು. ಎಂಟು ತಿಂಗಳಲ್ಲಿ ತಾನು ಒಮ್ಮೆಯೂ ಅವಳನ್ನು ಹಾಗೆ ಕೂಗಿರಲಿಲ್ಲ.

ದೂರು ಮುಚ್ಚಲು ಮಮತಳ ಬೆರಳು ಕೀಲಿಮಣೆಯತ್ತ ಹೋಯಿತು.

“ಬೇಡ ಮೇಡಂ! ಇನ್ನೊಂದೆರಡು ದಿನ ಇವನು ಕಳ್ಳನಾಗೇ ಇರ್ಲಿ!”

“ಅಯ್ಯೋ, ಅಣ್ಣಾ!” ಎಂದು ಅಪ್ಪಯ್ಯಣ್ಣ ಕೂಗುವಷ್ಟರಲ್ಲಿ ಪರದೆ ಖಾಲಿಯಾಯಿತು.

ಸಂಜೆ ಆಂಜಿನಪ್ಪ ಸೀಟಿನ ಸೀರೆ ತುಂಡು ಬಿಚ್ಚಿ ಕಂಕುಳಲ್ಲಿಟ್ಟುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕಾಣುವಂತೆ ಗಾಡಿ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು, ನಡೆದು ಮನೆಗೆ ಬಂದ. ಯಾರಾದರೂ ಕದ್ದರೆ ನಾಳೆ ಬೆಳಗ್ಗೆಯೇ ದೂರು ಕೊಡಬಹುದು. ಜಗಲಿಯಲ್ಲಿ ಕೂತು ಆಸೆಯಿಂದ ಕಾದ.

ಕತ್ತಲಾಗುವ ಮೊದಲೇ ಬೈರೇಶನೂ ಅಪ್ಪಯ್ಯಣ್ಣನೂ ಏದುಸಿರು ಬಿಡುತ್ತಾ ಮೊಪೆಡ್ ತಳ್ಳಿಕೊಂಡು ಬಂದರು. ಹಿಂದೆ ಅಶ್ವತ್ಥಮ್ಮ.

“ಕೀ ಅಲ್ಲೇ ಮರೆತು ಬಂದಿದ್ದೀಯಲ್ಲಣ್ಣ! ನಾವು ಓಡಿಸ್ಲಿಲ್ಲಪ್ಪ, ತಳ್ಕೊಂಡೇ ಬಂದ್ವಿ. ಕ್ಯಾಮೆರಾ ನೋಡುತ್ತಲ್ಲ!” ಎಂದ ಬೈರೇಶ್.

“ಇನ್ಮೇಲೆ ಈ ಗಾಡೀನ ಒಂದು ನರಪಿಳ್ಳೆನೂ ಮುಟ್ಟಲ್ಲ. ಬೀದಿಯೋರೆಲ್ಲ ಮಾತಾಡ್ಕೊಂಡಿದೀವಿ” ಎಂದಳು ಅಶ್ವತ್ಥಮ್ಮ.

ಅವರು ಹೋದ ಮೇಲೆ ಆಂಜಿನಪ್ಪ ಸೀರೆ ತುಂಡನ್ನು ಮತ್ತೆ ಸೀಟಿಗೆ ಸುತ್ತಿದ. ಕೀಯನ್ನು ಮೊಳೆಗೆ ಹಾಕಿ, ಅತ್ತಿತ್ತ ನೋಡಿ, ಹಿತ್ತಲ ಕಡೆ ತಿರುಗಿ ಕೂಗಿದ.

“ಲೇ, ಗಾಡಿ ಬಂತು ಕಣೇ.”