ನಲವತ್ತು ಇಂಚಿನ ಸುತ್ತೋಲೆ

ದಾವಣಗೆರೆ ಜಿಲ್ಲಾ ಕೇಂದ್ರವಾಗಿ ಎರಡು ವರ್ಷ ತುಂಬುವುದರೊಳಗೆ, ದಾವಣಗೆರೆ-ಹರಿಹರ ಸುಗಮ ಸಂಚಾರ ಮಂಡಳಿಯ ಒಂಬತ್ತು ಅಧಿಕಾರಿಗಳು ಒಂದೇ ದಿನ ಗರ್ಭಿಣಿಯರಾದರು. ಒಂಬತ್ತೂ ಮಂದಿ ಗಂಡಸರು. ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಸದರಿ ಮಂಡಳಿಯ ಗುಮಾಸ್ತನಾದ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೂಲ ಕಾರಣ ನಮ್ಮ ಟೈಪಿಸ್ಟ್ ಸುಧಾ. ಕಾಲೇಜಿನಲ್ಲಿ ಓಟದ ಬಹುಮಾನ ಗೆದ್ದವರು. ಬೆಳಿಗ್ಗೆ ಮೈದಾನದಲ್ಲಿ ಓಡಿ, ಆಮೇಲೆ ದೇವರಾಜ ಅರಸು ಬಡಾವಣೆಯಿಂದ ಕಚೇರಿಗೆ ಸೈಕಲ್ ತುಳಿದು ಬರುತ್ತಿದ್ದರು. ಬಸಿರಾದ ಮೇಲೂ ಎರಡನ್ನೂ ಬಿಡಲಿಲ್ಲ. "ಮೊದ್ಲಿಂದ ರೂಢಿ ಐತೆ, ತಪಾಸಣೆನೂ ಸರಿ ಐತೆ. ಮೆತ್ತಗೆ ಮಾಡವ್ವ, ಏದುಸಿರು ಬಂದ್ರೆ ನಿಲ್ಸು" ಎಂದು ಡಾಕ್ಟರ್ ಫಕ್ರುನ್ನೀಸಾ ಹೇಳಿದ್ದರು. ಅತ್ತೆ ಕಾಳವ್ವ ಇನ್ನೂ ಒಂದು ಹೆಜ್ಜೆ ಮುಂದೆ. "ನಾನು ಲೋಕಿಕೆರೆ ಗದ್ದ್ಯಾಗ ನಾಟಿ ಹಚ್ಚಿ ಮನಿಗೆ ಬಂದು ನಿನ್ ಗಂಡನ್ನ ಹಡೆದೀನಿ. ಸೈಕಲ್ ಏನು ಮಹಾ?" ಎಂದು ಸೊಸೆಯ ಬುತ್ತಿಯನ್ನು ಕ್ಯಾರಿಯರಿಗೆ ಕಟ್ಟಿ ಕಳಿಸುತ್ತಿದ್ದರು.

ಹೀಗಿರಲಾಗಿ ಒಂದು ದಿನ ರೈಲ್ವೆ ಗೇಟಿನ ಬಳಿ ನಮ್ಮ ಅಧ್ಯಕ್ಷರಾದ ಶಿವಯೋಗಪ್ಪನವರ ಜೀಪು ವಾಹನ ಸಂದಣಿಯಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ನಿಂತಿತ್ತು. ಏಳು ತಿಂಗಳ ಸುಧಾ ಪಕ್ಕದಲ್ಲೇ ಸೈಕಲ್ ಗಂಟೆ ಬಾರಿಸಿ, "ನಮಸ್ಕಾರ ಸಾರ್" ಎಂದು ಮುಂದೆ ಹೋದರು. ಸುಗಮ ಸಂಚಾರ ಮಂಡಳಿಯ ಅಧ್ಯಕ್ಷರ ಕಣ್ಣೆದುರೇ ಒಬ್ಬರು ಸುಗಮವಾಗಿ ಸಂಚರಿಸಿದ್ದು ಅವರಿಗೆ ಭಾರಿ ಆಘಾತ ಉಂಟುಮಾಡಿತು.

ತುರ್ತು ಸಭೆ ಸೇರಿತು. ಮಂಡಕ್ಕಿ, ಮಿರ್ಚಿ ಬಂದವು. ಅವು ಖಾಲಿಯಾದ ಮೇಲೆ ಸುತ್ತೋಲೆ ಬಂತು. "ಗರ್ಭಿಣಿ ನೌಕರರು ಓಡತಕ್ಕದ್ದಲ್ಲ, ಸೈಕಲ್ ತುಳಿಯತಕ್ಕದ್ದಲ್ಲ, ಕಚೇರಿ ವೇಳೆಯಲ್ಲಿ ಕುಳಿತಲ್ಲಿಂದ ಏಳತಕ್ಕದ್ದಲ್ಲ." ಕೊನೆಯ ಷರತ್ತನ್ನು ನಮ್ಮ ಅಧಿಕಾರಿಗಳು ಮೊದಲಿನಿಂದಲೂ ಪಾಲಿಸಿಕೊಂಡು ಬಂದಿದ್ದರು.

ಸುಧಾ ನೇರವಾಗಿ ಒಳಗೆ ಹೋದರು. "ಸಾರ್, ಕೂತ್ರೆ ನನಗೆ ಬೆನ್ನು ಹಿಡೀತೈತೆ. ಹೆರಿಗೆ ತನಕ ಸೈಕಲ್ ತುಳೀತೀನಿ, ಆಮೇಲೆ ಮೂರು ತಿಂಗ್ಳು ಮಗು ಜೊತಿಗೆ ಇರ್ತೀನಿ. ಇಷ್ಟೇ ನಾನು ಕೇಳೋದು."

"ನೀವು ಗರ್ಭಿಣಿ ಹೌದೋ ಅಲ್ಲೋ ಅನ್ನೋದು ಮೊದ್ಲು ತೀರ್ಮಾನ ಆಗ್ಲಿ" ಎಂದರು ಶಿವಯೋಗಪ್ಪನವರು.

ತೀರ್ಮಾನ ಹೇಗೆ? ಹೆಣ್ಣುಮಕ್ಕಳನ್ನು ಕೇಳುವುದು ಮರ್ಯಾದೆಯಲ್ಲ ಎಂದು ಸೂಪರಿಂಟೆಂಡೆಂಟ್ ಬಕ್ಕೇಶ್ ಅಭಿಪ್ರಾಯಪಟ್ಟರು. ಡಾಕ್ಟರಮ್ಮನನ್ನು ಕೇಳಿದರೆ ಸೈಕಲ್ ತುಳಿಯಲಿ ಅನ್ನುತ್ತಾರೆ. ಆದಕಾರಣ ಸುತ್ತೋಲೆಗೆ ಒಂದು ಸಾಲು ಸೇರಿಸಲಾಯಿತು: "ಹೊಟ್ಟೆಯ ಸುತ್ತಳತೆ ನಲವತ್ತು ಇಂಚು ಮೀರಿದ ನೌಕರರನ್ನು ಗರ್ಭಿಣಿಯೆಂದು ಭಾವಿಸತಕ್ಕದ್ದು. ಈ ವಿಷಯದಲ್ಲಿ ಲಿಂಗಭೇದ ಮಾಡತಕ್ಕದ್ದಲ್ಲ." ಅದೇ ವಾರ ಮೇಲಿನಿಂದ ಸಮಾನತೆಯ ಆದೇಶ ಬಂದಿದ್ದರಿಂದ ಎರಡನೆಯ ವಾಕ್ಯ ಅನಿವಾರ್ಯವಾಗಿತ್ತು.

ಅಳತೆಗೆ ಮಂಡಿಪೇಟೆಯ ಟೈಲರ್ ಮಕ್ತುಮ್ ಸಾಬ್ ಬಂದರು. ಸುಧಾ ಮೂವತ್ತೇಳು: ಗರ್ಭಿಣಿಯಲ್ಲ. ನಾನು ಇಪ್ಪತ್ತೆಂಟು: ಪ್ರಶ್ನೆಯೇ ಇಲ್ಲ. ಬಕ್ಕೇಶ್ ನಲವತ್ತಮೂರು, ಉಳಿದ ಏಳು ಅಧಿಕಾರಿಗಳೂ ನಲವತ್ತರ ಮೇಲೆ. ಅಧ್ಯಕ್ಷರ ಸರದಿ ಬಂದಾಗ ಮಕ್ತುಮ್ ಸಾಬರು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ತಾವು ಒಂದು ಪ್ರದಕ್ಷಿಣೆ ಹಾಕಿ ಬಂದರು. "ನಲವತ್ತೆಂಟು. ಮುಬಾರಕ್, ಸಾಹೇಬ್ರೆ!"

ಬಕ್ಕೇಶ್ ಮೆಲ್ಲಗೆ ಕೆಮ್ಮಿ, "ಸಾರ್, ಹೆರಿಗೆ ರಜೆ ಮೂರು ತಿಂಗ್ಳು. ಸಂಬಳ ಸಮೇತ" ಎಂದರು.

ಶಿವಯೋಗಪ್ಪನವರು ಹೊಟ್ಟೆಯ ಮೇಲೆ ಮೃದುವಾಗಿ ಕೈಯಿಟ್ಟುಕೊಂಡರು. "ನಿಯಮ ಅಂದ್ರ ನಿಯಮ. ನಮ್ಮಿಂದ್ಲೇ ಮುರಿಯೋದು ಬ್ಯಾಡ."

ರಜೆ ತಕ್ಷಣ ಸಿಗಲೆಂದು ಎಲ್ಲರಿಗೂ ಏಳನೇ ತಿಂಗಳೆಂದು ದಾಖಲಿಸಲಾಯಿತು. ಒಂಬತ್ತೂ ಮಂದಿ ಅಂದೇ ಸಂಜೆ ಮನೆ ಸೇರಿದರು. ಅಧ್ಯಕ್ಷರ ಪತ್ನಿ ಕಸ್ತೂರಮ್ಮ ಹಸಿರು ಬಳೆ ತಂದರು, ಅವು ಅಧ್ಯಕ್ಷರ ಕೈಗೆ ಏರಲಿಲ್ಲ. ಅಧ್ಯಕ್ಷರು ದಿನಕ್ಕೆರಡು ಸಲ ಬೆಣ್ಣೆದೋಸೆ ತಿನ್ನುವುದು ಮೊದಲೂ ಇತ್ತು. ಈಗ ಅದಕ್ಕೆ ಬಯಕೆ ಎಂಬ ಹೆಸರು ಬಂತು. ಕಚೇರಿಯ ಕೆಲಸವೆಲ್ಲ ನನ್ನ ತಲೆಗೆ ಬಿತ್ತು.

ಒಂಬತ್ತನೇ ತಿಂಗಳಲ್ಲಿ ಸುಧಾ ರಜೆ ಕೇಳಲು ಅಧ್ಯಕ್ಷರ ಮನೆಗೆ ಹೋದರು. ಕಡತ ಹಿಡಿದುಕೊಂಡು ನಾನೂ ಹೋಗಿದ್ದೆ. ಅಧ್ಯಕ್ಷರು ಆರಾಮ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಮಲಗಿದ್ದರು.

"ಎಷ್ಟು ಇಂಚು?"

"ಮೂವತ್ತೊಂಬತ್ತು, ಸಾರ್."

"ಇನ್ನೂ ಕಡಿಮಿ ಐತಲ್ರಿ. ನೀವು ಗರ್ಭಿಣಿ ಅಲ್ಲ."

"ಸಾರ್, ಒಳಗೆ ಒದೀತೈತೆ!"

"ಗ್ಯಾಸ್ ಇರಬೇಕು. ನನಗೂ ಹಂಗೇ ಆಗ್ತೈತೆ."

ಸೈಕಲ್ ತುಳಿಯಲು ಬಿಟ್ಟ ನಿಯಮವೇ ಮಗುವಿನ ಜೊತೆ ಇರಲು ಬಿಡಲಿಲ್ಲ. ಹೊರಗೆ ಬಂದ ಸುಧಾ ಮೊದಲ ಸಲ ಕಣ್ಣೊರೆಸಿಕೊಂಡಿದ್ದನ್ನು ಕಂಡೆ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆದರೆ ಇಪ್ಪತ್ತೆಂಟು ಇಂಚಿನ ಹೊಟ್ಟೆ ಉರಿದರೆ ಕೇಳುವವರು ಯಾರು?

ಹೆಣ್ಣು ಮಗುವಾಯಿತು, ಸುಖವಾಗಿ. ರಜೆ ಸಂಬಳವಿಲ್ಲದ್ದು. ಅಷ್ಟರಲ್ಲಿ ಅಧಿಕಾರಿಗಳ ರಜೆ ಮುಗಿದು, ಒಂಬತ್ತೂ ಮಂದಿ ಹೊಸ ಅಂಗಿ ತೊಟ್ಟು ಕೆಲಸಕ್ಕೆ ಹಾಜರಾದರು. ನಾನು ವಿನಯದಿಂದ ಕೇಳಿದೆ: "ಸಾರ್, ಹೆರಿಗೆ ಆಗಿದ್ದಕ್ಕೆ ಪುರಾವೆ?"

ಮಕ್ತುಮ್ ಸಾಬ್ ಮತ್ತೆ ಬಂದರು, ಅಧ್ಯಕ್ಷರಿಗೆ ಮತ್ತೆ ಪ್ರದಕ್ಷಿಣೆ ಹಾಕಿದರು. "ಐವತ್ತೊಂದು. ಆಗಿಲ್ಲ ಸಾಹೇಬ್ರೆ. ಬೆಳದೈತೆ."

ಉಳಿದ ಎಂಟು ಮಂದಿಯದೂ ಅದೇ ಕಥೆ. ಹೆರಿಗೆಯಾಗದೆ ಕೆಲಸಕ್ಕೆ ಸೇರುವಂತಿಲ್ಲ. ರಜೆ ಮುಗಿದಿದ್ದರಿಂದ ಸಂಬಳವಿಲ್ಲ. ಸುತ್ತೋಲೆ ರದ್ದು ಮಾಡಿದರೆ ತಿಂದ ಸಂಬಳ ವಾಪಸ್ ಕಟ್ಟಬೇಕು. ಆ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಡಾಕ್ಟರಮ್ಮನ ಬಳಿಗೆ ಹೋದರು. ಅವರು ಒಂಬತ್ತು ಹೊಟ್ಟೆಗಳನ್ನೂ ಸಾಲಾಗಿ ನೋಡಿ, "ಓಡ್ರಿ. ಸೈಕಲ್ ತುಳೀರಿ" ಎಂದರು.

ಮರುದಿನವೇ ಸುತ್ತೋಲೆ ತಿದ್ದುಪಡಿಯಾಯಿತು. "ತಕ್ಕದ್ದಲ್ಲ ಎಂಬಲ್ಲೆಲ್ಲ ತಕ್ಕದ್ದು ಎಂದು ಓದಿಕೊಳ್ಳತಕ್ಕದ್ದು." ಇನ್ನು ಕಲಿಸುವವರು ಬೇಕು. ಬಸಿರಲ್ಲಿ ಓಡಿದ ಅನುಭವ ಮಂಡಳಿಯಲ್ಲಿ ಒಬ್ಬರಿಗೇ ಇತ್ತು.

ನಾವೆಲ್ಲ ಸುಧಾ ಅವರ ಮನೆಗೆ ಹೋದೆವು. "ಬರ್ರಿ, ಕೂಡ್ರಿ. ತುಂಬಿದ ಬಸುರಿಯರು, ನಿಂತ್ಕೋಬ್ಯಾಡ್ರಿ" ಎಂದು ಕಾಳವ್ವ ಮನೆ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿದರು. ಸುಧಾ ಮಗುವನ್ನು ಭುಜಕ್ಕೆ ಹಾಕಿಕೊಂಡು ಕೇಳಿಸಿಕೊಂಡರು.

"ಕಲಿಸ್ತೀನಿ ಸಾರ್. ಮೂರು ತಿಂಗ್ಳು, ಸಂಬಳ ಸಮೇತ. ನನ್ನ ಕಚೇರಿ ಈ ಕಟ್ಟೆ."

"ಆದ್ರೆ ನೀವು ಗರ್ಭಿಣಿನೇ ಆಗಿದ್ದಿಲ್ಲ..." ಎಂದು ಬಕ್ಕೇಶ್ ಶುರು ಮಾಡಿದರು. ಅಧ್ಯಕ್ಷರು ಅವರ ಕಾಲು ತುಳಿದರು.

ಅಂದೇ ಆದೇಶ ಟೈಪಾಯಿತು. ನಾನೇ ಟೈಪು ಮಾಡಿದೆ, ಇಷ್ಟು ಖುಷಿಯಿಂದ ಜನ್ಮದಲ್ಲಿ ಟೈಪು ಮಾಡಿರಲಿಲ್ಲ. ಮೂರು ತಿಂಗಳು ಸುಧಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಟ್ಟೆಯ ಮೇಲೆ ಕುಳಿತರು. ಅಧಿಕಾರಿಗಳು ಬಡಾವಣೆ ಸುತ್ತಿ ಬಂದಾಗಲೆಲ್ಲ, "ಇನ್ನೊಂದು ಸುತ್ತು, ಸಾರ್" ಎನ್ನುತ್ತಿದ್ದರು. ಒಬ್ಬೊಬ್ಬರಾಗಿ ಏಳು ಮಂದಿ ನಲವತ್ತರೊಳಗೆ ಇಳಿದು, ಹೆತ್ತು ಹಗುರಾದರು. ಪ್ರತಿ ಹೆರಿಗೆಗೂ ಕಚೇರಿಯಲ್ಲಿ ಪೇಡೆ ಹಂಚಿದರು.

ನಾಲ್ಕನೇ ತಿಂಗಳು ಡಾಕ್ಟರಮ್ಮ ಒಪ್ಪಿದ ಮೇಲೆ ಸುಧಾ ಮತ್ತೆ ಸೈಕಲ್ ಹತ್ತಿದರು. ಮೊದಲ ದಿನವೇ ಹರಿಹರಕ್ಕೆ. ಹಿಂದೆ ಬಕ್ಕೇಶ್ ಮತ್ತು ಅಧ್ಯಕ್ಷರು ಬಾಡಿಗೆ ಸೈಕಲ್ಲುಗಳಲ್ಲಿ; ಅವರ ಹಿಂದೆ ಟೇಪು ಹಿಡಿದ ಮಕ್ತುಮ್ ಸಾಬರನ್ನು ಕೂರಿಸಿಕೊಂಡು ನನ್ನ ಲೂನಾ. ತುಂಗಭದ್ರೆಯ ಸೇತುವೆ ಮುಟ್ಟುತ್ತಲೇ ಸುಧಾ, "ಮಗು ಏಳೋ ಹೊತ್ತಾತು, ನೀವು ನಿಧಾನ ಬರ್ರಿ ಸಾರ್" ಎಂದು ಸೈಕಲ್ ತಿರುಗಿಸಿ, ಗಂಟೆ ಬಾರಿಸುತ್ತ ಗಾಳಿಯಂತೆ ಹೊರಟುಹೋದರು. ಶಿವಯೋಗಪ್ಪನವರು ಸೇತುವೆಯ ನಟ್ಟನಡುವೆ ಏದುಸಿರು ಬಿಡುತ್ತ ನಿಂತರು. ಹಿಂದೆ ಲಾರಿಗಳು ಹಾರ್ನ್ ಬಾರಿಸತೊಡಗಿದವು.

ಪೇರಲಹಣ್ಣು ಮಾರುತ್ತಿದ್ದ ತಿಮ್ಮವ್ವ ಎಂಬ ಮುದುಕಿ ನನ್ನನ್ನು ಕೇಳಿದಳು: "ಯಾಕಪ್ಪಾ, ಏನಾಗೈತೆ ಸಾಹೇಬ್ರಿಗೆ?"

"ಬಸುರಿ, ಅಜ್ಜಿ."

"ಎಷ್ಟು ತಿಂಗ್ಳು?"

"ಹದಿನಾಲ್ಕು."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬುಟ್ಟಿಯಿಂದ ಒಂದು ಹಣ್ಣು ಆರಿಸಿ ಅವರ ಕೈಗಿಟ್ಟು, ಲಾರಿಯವರ ಕಡೆ ತಿರುಗಿ ಕೂಗಿದಳು:

"ಹಾರ್ನ್ ನಿಲ್ಸ್ರೋ! ಚೊಚ್ಚಲು, ಪಾಪ, ತಡ ಆಗ್ತೈತೆ!"