ನೀವು ಮೊದಲ ಹತ್ರಿ

ಬಾಗಿಲು ಕಂಡರೆ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಮನೆಯದಿರಲಿ, ಬ್ಯಾಂಕಿನದಿರಲಿ, ಬಸ್ಸಿನದಿರಲಿ, ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದನೆಂದರೆ ಸಾಕು, ಕೈ ಮುಂದಕ್ಕೆ ಚಾಚಿ "ನೀವು ಮೊದಲ" ಎಂದುಬಿಡುತ್ತೇನೆ. ಇದನ್ನು ಯಾರೂ ಸದ್ಗುಣವೆಂದು ತಪ್ಪು ತಿಳಿಯಬಾರದು. ಗದಗಿನಲ್ಲಿ ಹುಟ್ಟಿ ಬೆಟಗೇರಿಯಲ್ಲಿ ಮನೆ ಮಾಡಿದವನಿಗೆ ಇದು ಕೆಮ್ಮು ಇದ್ದ ಹಾಗೆ, ತಡೆಯಲು ಬರುವುದಿಲ್ಲ. ನಾನು "ನೀವು ಮೊದಲ" ಅನ್ನಬೇಕು. ಎದುರಿನವರು "ಛೇ ಛೇ, ಹಂಗ ಹ್ಯಾಂಗ್ರಿ, ನೀವು ಮೊದಲ" ಅನ್ನಬೇಕು. ಹೀಗೆ ನಾಲ್ಕಾರು ಸಲ ಆದ ಮೇಲೆ ಯಾರಿಗೆ ಖರೆ ಅವಸರವಿದೆಯೋ ಅವರು ನಾಚಿಕೊಳ್ಳುತ್ತ ನುಗ್ಗಬೇಕು. ಬ್ಯಾಂಕಿನ ನೌಕರಿಗೆ ಹೊಸದಾಗಿ ಸೇರಿದ್ದಾಗ ಗದಗ ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರದ ಮಾಸ್ತರರೊಬ್ಬರೂ ನಾನೂ ಒಂದೇ ಬಾಗಿಲಿನ ಮುಂದೆ ಹೀಗೆ ನಿಂತೆವು. "ನೀವು ಹತ್ರಿ", "ಇಲ್ಲ ಇಲ್ಲ, ಹಿರ್ಯಾರು ನೀವು ಹತ್ರಿ" ಅನ್ನುವುದರೊಳಗೆ ಕಂಡಕ್ಟರ್ ಗಂಟೆ ಬಾರಿಸಿ ಬಸ್ಸು ಒಯ್ದುಬಿಟ್ಟ. ಮುಂದಿನ ಬಸ್ಸಿನ ತನಕ ಇಬ್ಬರೂ ಚಾ ಕುಡಿದೆವು, ಊರು ಕೇರಿ ವಿಚಾರಿಸಿಕೊಂಡೆವು, ಕಡೆಗೆ ನನ್ನ ತಂಗಿಯನ್ನು ಅವರ ತಮ್ಮನಿಗೇ ಕೊಟ್ಟೆವು. ನನ್ನ ಸೋದರಳಿಯ ಗುರುರಾಜ ಆ ತಪ್ಪಿದ ಬಸ್ಸಿನ ಫಲ.

ಈ ವ್ಯವಹಾರ ಸರಿಯಾಗಿ ನಡೆಯಬೇಕಾದರೆ ಎದುರಿನವನೂ ನಮ್ಮ ಕಡೆಯವನೇ ಆಗಿರಬೇಕು. ಇಷ್ಟು ಸಣ್ಣ ಸಂಗತಿ ನನಗೆ ತಿಳಿದದ್ದು ಐವತ್ತರ ಅಂಚಿನಲ್ಲಿ, ಹಿಮದ ಬೆಟ್ಟದ ನೆತ್ತಿಯ ಮೇಲೆ, ಸುತ್ತಲೂ ಮೋಡ ಮುಚ್ಚಿಕೊಳ್ಳುತ್ತಿದ್ದಾಗ, ಒಂದು ಹೆಲಿಕಾಪ್ಟರಿನ ಬಾಗಿಲಲ್ಲಿ.

ನಾನು ಅಲ್ಲಿಗೆ ಹೇಗೆ ಹೋದೆ ಎಂದು ನೀವು ಕೇಳುವುದು ಸಹಜ. ನಾನೂ ಆಗ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಗುರುರಾಜ ಹೆಲಿಕಾಪ್ಟರ್ ರಿಪೇರಿ ಕಲಿತು ಮನಾಲಿಯಲ್ಲಿ ಒಂದು ಕಂಪನಿಗೆ ಸೇರಿದ್ದ. ದುಡ್ಡಿದ್ದ ವಿದೇಶಿಯರನ್ನು ಹೆಲಿಕಾಪ್ಟರಿನಲ್ಲಿ ಬೆಟ್ಟದ ತುದಿಗೆ ಒಯ್ದು ಇಳಿಸುವುದು ಆ ಕಂಪನಿಯ ಕೆಲಸ. ಅವರು ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು, ಮಾರ್ಗದರ್ಶಿಯ ಹಿಂದೆ ಹಿಮದ ಮೇಲೆ ಜಾರುತ್ತ ಕೆಳಗೆ ಬರುತ್ತಾರೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಬ್ಯಾಂಕಿನವರು ಕೊಟ್ಟ ಪ್ರವಾಸದ ಸೌಲಭ್ಯ ಕೈತಪ್ಪುವುದರಲ್ಲಿತ್ತು. ಹೆಂಡತಿಯನ್ನು ಕರೆದುಕೊಂಡು ಅಳಿಯನ ಊರಿಗೇ ಹೋದೆ.

"ಅಲ್ಲೋ ಗುರ್ಯಾ, ಇಳಿಯೂದ ಇತ್ತಂದ್ರ ಏರೂದು ಯಾಕ?" ಎಂದು ಕೇಳಿದೆ.

"ಅದ ಮಜಾ, ಮಾಮಾ. ನಾಳೆ ಒಂದು ಸೀಟು ಖಾಲಿ ಐತಿ. ನೀವೇನು ಜಾರೂದು ಬ್ಯಾಡ. ಮ್ಯಾಲ ಹೋಗಿ, ನೋಡಿ, ಅದರಾಗ ಕುಂತು ವಾಪಸ್ ಬರ್ರಿ."

ನಾನು ಒಲ್ಲೆ ಎನ್ನಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೆಂಡತಿ, ಮುಳಗುಂದದವಳು, ಹೆಣೆಯುತ್ತಿದ್ದ ಉಣ್ಣೆಯ ಎಳೆಯಿಂದ ಕಣ್ಣೆತ್ತದೇ, "ಅವರೆಲ್ಲಿ ಹೋಗ್ತಾರಪಾ? ಹಪ್ಪಳ ಒಣಹಾಕಾಕ ಮಾಳಗಿ ಏರ್ರಿ ಅಂದ್ರ ನಿಚ್ಚಣಿಕಿ ಹಿಡಕೊಂಡು ಓಣಿ ಮಂದೀನೆಲ್ಲಾ ಕರೀತಾರ" ಎಂದಳು. ಗಂಡಸಿನ ಬುದ್ಧಿ ಕೆಡಲು ಇಷ್ಟು ಸಾಕು. "ಬರ್ತೇನಂತ ಹೇಳು" ಎಂದೆ.

ಮರುದಿನ ಮೋಡ. ಅದರ ಮರುದಿನ ಗಾಳಿ. ಪೈಲಟ್ ಬೆಳಿಗ್ಗೆ ಹೊರಗೆ ಬಂದು ಬೆಟ್ಟದ ಕಡೆ ನೋಡಿ ತಲೆ ಅಲ್ಲಾಡಿಸುವನು. ನಾನು ಮುಖದ ಮೇಲೆ ನಿರಾಸೆ ತಂದುಕೊಂಡು ಒಳಗೊಳಗೇ ದೇವರಿಗೆ ಕೈ ಮುಗಿಯುವೆನು. ನನಗೆ ಗೊತ್ತಿದ್ದ ಬೆಟ್ಟವೆಂದರೆ ನಮ್ಮ ಕಪ್ಪತಗುಡ್ಡ. ಅಲ್ಲಿ ಗಾಳಿ ಬಿಟ್ಟರೆ ಟೊಪ್ಪಿಗೆ ಹಾರುತ್ತದೆ, ಅದರ ಬೆನ್ನು ಹತ್ತಿ ಮನುಷ್ಯ ತಾನೂ ಕೆಳಗೆ ಬರುತ್ತಾನೆ, ಅಲ್ಲಿಗೆ ಮುಗಿಯಿತು. ಇಲ್ಲಿಯ ಬೆಟ್ಟ ಹಾಗಲ್ಲ. ಚಾ ಬಸಿಗೆ ಸುರಿಯುವಾಗ ಬಿಸಿಲಿದ್ದದ್ದು ಕುಡಿದು ಇಡುವಷ್ಟರಲ್ಲಿ ಹಿಮ ಬೀಳುತ್ತಿತ್ತು. ಇಂಥ ಆಕಾಶವನ್ನು ನಂಬಿ ಇವರು ಮೇಲೆ ಹಾರುತ್ತಾರಲ್ಲ ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಮೂರನೆಯ ದಿನ ಪೈಲಟ್ ತಲೆ ಅಲ್ಲಾಡಿಸಲಿಲ್ಲ.

ಮೇಲಿನ ಗಾಳಿ ತೆಳುವಾದ್ದರಿಂದ ಒಂದು ಸಲಕ್ಕೆ ಮೂವರೇ. ಮೊದಲು ಮಾರ್ಗದರ್ಶಿ ದೋರ್ಜೆ, ಒಬ್ಬ ಆಸ್ಟ್ರಿಯಾದವನು ಮತ್ತು ಅವನ ಹೆಂಡತಿ ಹೋದರು. ಎರಡನೆಯ ಸಲ ನಾನು ಮತ್ತು ಆ ಆಸ್ಟ್ರಿಯಾದವನ ಅಪ್ಪ. ಎಪ್ಪತ್ತು ದಾಟಿದ ಮುದುಕ. ಕೂದಲೂ ಹುಬ್ಬೂ ಹಿಮದಷ್ಟೇ ಬೆಳ್ಳಗೆ. ದಾರಿಯುದ್ದಕ್ಕೂ ಆತ ಹಾಡು ಗುನುಗುತ್ತಿದ್ದ, ನಾನು ಕುರ್ಚಿಯ ಕೆಳಗಿನ ಕಬ್ಬಿಣ ಹಿಡಿದು ಆ ಕಬ್ಬಿಣ ಯಾವುದಕ್ಕೆ ಜೋಡಿಸಿದೆ ಎಂದು ಯೋಚಿಸುತ್ತಿದ್ದೆ. ಅಡಿಯಲ್ಲಿ ದೇವದಾರು ಮರಗಳು ಕೊತ್ತಂಬರಿಯಷ್ಟಾದವು, ಆಮೇಲೆ ಅವೂ ಇಲ್ಲ. ರಿಪೇರಿ ಮಾಡಿದವನು ಗುರುರಾಜ ಎಂಬುದು ಧೈರ್ಯ ಕೊಡಬೇಕಿತ್ತು. ಆದರೆ ಆ ಹುಡುಗ ಚಿಕ್ಕಂದಿನಲ್ಲಿ ನಮ್ಮ ಮನೆಯ ಗಡಿಯಾರ ಬಿಚ್ಚಿ ಜೋಡಿಸಿದಾಗ ಎರಡು ಚಕ್ರ ಉಳಿದಿದ್ದು ನನ್ನ ಕಣ್ಣ ಮುಂದೆಯೇ ಇತ್ತು.

ನೆತ್ತಿಯ ಮೇಲೆ ಇಳಿದೆವು. ಹೆಲಿಕಾಪ್ಟರ್ ಒಂದು ಪಕ್ಕಕ್ಕೆ ಹೋಗಿ ನಿಂತಿತು. ಎಲ್ಲೆಲ್ಲೂ ಬಿಳುಪು, ನಮ್ಮ ಬೆಟಗೇರಿಯ ಹತ್ತಿ ಜಿನ್ನಿನಲ್ಲಿ ಬೀಜ ತೆಗೆದ ಅರಳೆ ರಾಶಿ ಹಾಕಿದ ಹಾಗೆ. ಒಂದು ಕ್ಷಣ ಭಯ ಮರೆತು ನಿಂತೆ. ಆ ಕ್ಷಣದಲ್ಲೇ ದೋರ್ಜೆ ಕಣಿವೆಯ ಕಡೆ ತಿರುಗಿ ಸುಮ್ಮನಾದ. ಅಷ್ಟು ಹೊತ್ತು ನಗುತ್ತಿದ್ದ ಮನುಷ್ಯ ಸುಮ್ಮನಾದರೆ ನನ್ನಂಥವನಿಗೆ ಬೇರೆ ವರ್ತಮಾನ ಬೇಕಾಗುವುದಿಲ್ಲ. ಕೆಳಗಿನಿಂದ ಮೋಡ ಏರಿ ಬರುತ್ತಿತ್ತು. ಜಿನ್ನಿನ ಬಾಗಿಲು ತೆರೆದಾಗ ಅರಳೆಯ ಎಳೆ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ ಮೊದಲು ಚೂರು ಚೂರು, ಆಮೇಲೆ ಒಟ್ಟಿಗೇ.

ದೋರ್ಜೆ ಲೆಕ್ಕಾಚಾರ ಮಾಡಿ ಹಿಂದಿಯಲ್ಲಿ ಹೇಳಿದ: "ಈ ಬೆಳಕಿನಲ್ಲಿ ಎಲ್ಲರನ್ನೂ ಜಾರಿಸಲಾಗುವುದಿಲ್ಲ. ಹೆಲಿಕಾಪ್ಟರಿನಲ್ಲಿ ಮೊದಲು ಈ ಗಂಡ ಹೆಂಡತಿ, ಮತ್ತು ನೀವು. ನಾನೂ ಮುದುಕರೂ ಉಳಿಯುತ್ತೇವೆ. ಅದು ವಾಪಸ್ ಬಂದರೆ ಸರಿ, ಬಾರದಿದ್ದರೆ ನಾವಿಬ್ಬರೂ ಹೇಗಾದರೂ ಜಾರಿಕೊಂಡು ಇಳಿದೇವು. ಅವರು ನಡೆಯುವುದಕ್ಕಿಂತ ಮೊದಲು ಸ್ಕೀ ಕಲಿತವರು."

ಇಷ್ಟು ಸ್ಪಷ್ಟವಾಗಿ ಹೇಳಿ ಆತ ಆ ಗಂಡ ಹೆಂಡತಿಯ ಸಾಮಾನು ತುಂಬಲು ಆ ಬದಿಗೆ ಹೋದ. ರೆಕ್ಕೆ ತಿರುಗುತ್ತಿತ್ತು. ಹಿಮ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ನಾನು ಬಗ್ಗಿ ಬಗ್ಗಿ ಬಾಗಿಲಿಗೆ ಬಂದೆ, ಒಂದು ಕಾಲು ಮೇಲೆ ಇಟ್ಟೆ, ಇಟ್ಟವನು ತಿರುಗಿ ನೋಡಿದೆ. ಬಿಳಿ ಹುಬ್ಬಿನ ಹಿರಿಯರು ಹಿಂದೆ ನಿಂತಿದ್ದಾರೆ. ನನ್ನ ಕಾಲು ತಾನಾಗಿ ಕೆಳಗಿಳಿಯಿತು. ಕೈ ಮುಂದಕ್ಕೆ ಚಾಚಿತು. ಬಾಯಿ, "ಪ್ಲೀಸ್, ಯು ಫಸ್ಟ್" ಎಂದಿತು.

ಈಗ ಆತ "ಛೇ ಛೇ" ಅನ್ನಬೇಕು. ನಾನು ಅದಕ್ಕೆ ಮುಖವನ್ನೂ ಸಿದ್ಧ ಮಾಡಿಕೊಂಡಿದ್ದೆ. ಆತ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಗದ್ಗದಿತನಾಗಿ "ಥ್ಯಾಂಕ್ ಯೂ" ಎಂದು ಹತ್ತಿ ಕುಳಿತುಬಿಟ್ಟ.

ಬಾಗಿಲು ಮುಚ್ಚಿತು. ಹೆಲಿಕಾಪ್ಟರ್ ಎದ್ದಿತು. ನನ್ನ ಚಾಚಿದ ಕೈ ಹಾಗೇ ಇತ್ತು. ಗಾಳಿ ನಿಂತ ಮೇಲೆ ಆ ಬದಿಯಲ್ಲಿ ದೋರ್ಜೆ ಎದ್ದುನಿಂತು ಹಿಮ ಕೊಡವಿಕೊಂಡು, "ಈಗ ನಾವಿಬ್ಬರೇ, ಸಾಹೇಬರೇ" ಎನ್ನುತ್ತ ಮುದುಕನಿಗಾಗಿ ತಿರುಗಿದವನು ನನ್ನನ್ನು ಕಂಡ. ನಾನು ಜನ್ಮದಲ್ಲಿ ಅಂಥ ಮುಖ ನೋಡಿಲ್ಲ. ದೆವ್ವ ಕಂಡವನಿಗೂ ಅಷ್ಟು ಆಶ್ಚರ್ಯವಾಗಲಿಕ್ಕಿಲ್ಲ.

"ನೀವು ಇಲ್ಲಿ ಏನು ಮಾಡುತ್ತಿದ್ದೀರಿ?"

"ಅವರು ಹಿರ್ಯಾರು..." ಎಂದೆ. ನನ್ನ ಹಿಂದಿ ಅಷ್ಟಕ್ಕೇ ನಿಂತು ಕನ್ನಡವಾಯಿತು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಯುವಷ್ಟು ವೇಳೆಯಾದರೂ ನಮಗಿದೆ ಎಂದು ಸಮಾಧಾನವಾಗುತ್ತಿತ್ತು. ಸಲಿಕೆ ತೆಗೆದು ಹಿಮದಲ್ಲಿ ತಗ್ಗು ತೋಡತೊಡಗಿದ. ಯಾತಕ್ಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಉದ್ದ ನನ್ನಷ್ಟೇ ಇತ್ತು. ಆಮೇಲೆ ನನ್ನನ್ನು ಅದರೊಳಗೆ ಗಾಳಿಗೆ ಮರೆಯಾಗಿ ಕೂರಿಸಿದಾಗ ಜೀವ ಒಂದು ಕಡೆಯಿಂದ ವಾಪಸ್ ಬಂತು.

ಮೋಡ ಪೂರ್ತಿ ಮುಚ್ಚಿತು. ಚಾಚಿದರೆ ನನ್ನ ಕೈಯೇ ನನಗೆ ಕಾಣದು. ದೋರ್ಜೆಯ ಕೈಯಲ್ಲಿದ್ದ ರೇಡಿಯೋ ಗರಗರ ಎಂದಿತು. ಪೈಲಟ್ ಆ ಮೂವರನ್ನು ಇಳಿಸಿ ಮತ್ತೆ ಮೇಲೆದ್ದಿದ್ದ, ಆದರೆ ನೆತ್ತಿ ಎಲ್ಲಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ. ಪೆಟ್ರೋಲು ಇರುವ ತನಕ ನೋಡುತ್ತೇನೆ ಎಂದ. ಅದು ಎಷ್ಟಿದೆ ಎಂಬುದನ್ನು ದೋರ್ಜೆ ಕೇಳಿದ, ಉತ್ತರವನ್ನು ನನಗೆ ಹೇಳಲಿಲ್ಲ.

ನನ್ನ ಹಲ್ಲು ಕಟಕಟಿಸುವುದನ್ನು ಕೇಳಿ, ನಿದ್ದೆಗೆ ಬಿಡಬಾರದೆಂದೋ ಏನೋ, ಆತ ಮಾತು ತೆಗೆದ. "ಸೀಟು ಯಾಕೆ ಬಿಟ್ಟಿರಿ? ನಿಜ ಹೇಳಿ." ನಾನು ನಮ್ಮ ಕಡೆಯ ಪದ್ಧತಿಯನ್ನೆಲ್ಲ ವಿವರಿಸಿದೆ, ಅರ್ಧ ಹಿಂದಿ, ಅರ್ಧ ಹಲ್ಲಿನ ಸದ್ದು. ಆತ ತನ್ಮಯನಾಗಿ ಕೇಳಿದ.

"ಹಾಗಾದರೆ ಕೊನೆಗೆ ಯಾರು ಹೋಗುತ್ತಾರೆ?"

"ಭಾಳ ಸಲ ಯಾರೂ ಹೋಗೂದಿಲ್ರಿ. ಅಷ್ಟರಾಗ ಚಾ ಬರತೈತಿ."

ದೋರ್ಜೆ ನಕ್ಕ. ಆ ಮೋಡದಲ್ಲಿ ಅವನ ನಗೆಯೊಂದೇ ಕಾಣುವ ವಸ್ತುವಾಗಿತ್ತು. ಆದರೆ ನಕ್ಕು ಮುಗಿಸಿ ಎದ್ದವನು ತನ್ನ ಚೀಲದಿಂದ ಹಗ್ಗ ತೆಗೆದ. "ಇಲ್ಲಿ ಚಾ ಬರುವುದಿಲ್ಲ. ಇನ್ನು ಕಾಯುವುದು ಬೇಡ, ಕತ್ತಲಾದರೆ ಕಷ್ಟ" ಎಂದು ಮುದುಕ ಬಿಟ್ಟುಹೋದ ಎರಡು ಸ್ಕೀ ಹಲಗೆಗಳನ್ನು ಜೋಡಿಸಿ ಬಿಗಿದ, ಅವುಗಳ ಮೇಲೆ ನನ್ನನ್ನು ಅಂಗಾತ ಮಲಗಿಸಿದ, ಎದೆಗೆ ಸೊಂಟಕ್ಕೆ ಮೊಣಕಾಲಿಗೆ ಹಗ್ಗ ಸುತ್ತಿದ. ಎರಡು ಕಟ್ಟಿಗೆ, ನಡುವೆ ನಾನು, ಮೇಲೆ ಹಗ್ಗ. ನಮ್ಮೂರಿನವರು ಯಾರೇ ನೋಡಿದ್ದರೂ ಟೊಪ್ಪಿಗೆ ತೆಗೆದು ಹಾದಿ ಬಿಡುತ್ತಿದ್ದರು. "ಕಣ್ಣು ಮುಚ್ಚಿಕೊಳ್ಳಿ" ಎಂದ. ಅದೊಂದು ಕೊರತೆ ಇತ್ತು.

ಎಳೆದುಕೊಂಡು ಅಂಚಿಗೆ ಬಂದ. ನನ್ನ ಕಾಲು ಇಳಿಜಾರಿನ ಕಡೆ ಬಾಗಿದ್ದು ತಿಳಿಯಿತು. ಹೆಂಡತಿಗೆ ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಗೊತ್ತು, ಎಲೆಕ್ಟ್ರಿಕ್ ಬಿಲ್ಲಿನ ಸಂಗತಿ ಗೊತ್ತಿಲ್ಲ ಎಂದೆಲ್ಲ ಹೊಳೆಯಿತು. ದೋರ್ಜೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಆಗಲೇ ಎಲ್ಲೋ ದೂರ ಟಪ ಟಪ ಸದ್ದು. ಗಾಳಿ ಒಮ್ಮೆ ಹೊಡೆಯಿತು, ಮೋಡದಲ್ಲಿ ಅಂಗೈಯಗಲ ನೀಲಿ ತೂತು ಬಿತ್ತು, ಅದರೊಳಗಿಂದ ಹೆಲಿಕಾಪ್ಟರ್ ತೂರಿಕೊಂಡು ಬಂತು. ಪೂರ್ತಿ ಇಳಿಯಲೂ ಇಲ್ಲ. ಒಂದು ಕಾಲನ್ನಷ್ಟೇ ಹಿಮಕ್ಕೆ ಊರಿ ನಡುಗುತ್ತ ನಿಂತಿತು. ದೋರ್ಜೆ ಚಾಕುವಿನಿಂದ ಹಗ್ಗ ಕೊಯ್ದು, ನಾನು ಏನಾದರೂ ಅನ್ನುವುದರೊಳಗೆ, ಅರಳೆ ತುಂಬಿದ ಅಂಡಿಗೆ ಚೀಲವನ್ನು ಲಾರಿಗೆ ಎಸೆದ ಹಾಗೆ ನನ್ನನ್ನು ಒಳಗೆ ಎಸೆದು ಮೇಲೆ ತಾನೂ ಬಿದ್ದ. ತೂತು ನಮ್ಮ ಹಿಂದೆಯೇ ಮುಚ್ಚಿಕೊಂಡಿತು.

ಕೆಳಗೆ ಇಡೀ ಕಂಪನಿಯೇ ನೆರೆದಿತ್ತು. ಆಸ್ಟ್ರಿಯಾದ ಮುದುಕ ಓಡಿಬಂದು ನನ್ನನ್ನು ಅಪ್ಪಿಕೊಂಡು ಅತ್ತ. ತನ್ನ ಜೀವ ಉಳಿಸಲು ಭಾರತದ ಈ ಸಂತ ಸೀಟು ಬಿಟ್ಟುಕೊಟ್ಟ ಎಂದು ಎಲ್ಲರಿಗೂ ಹೇಳಿದ. ಗುರುರಾಜನ ಎದೆ ಹೆಮ್ಮೆಯಿಂದ ಎರಡರಷ್ಟಾಗಿತ್ತು. ಕೋಣೆಗೆ ಬಂದ ಮೇಲೆ ಹೆಂಡತಿ ಬಿಸಿನೀರಿನ ಚೀಲ ಕಾಲಿಗಿಡುತ್ತ ಕೇಳಿದಳು:

"ಸೀಟು ಬಿಟ್ಟುಕೊಟ್ರಂತ, ಖರೇನ?"

"ಹೂಂ."

"ತಿಳದ ಬಿಟ್ರೇನು, ರೂಢಿಗೆ ಬಿಟ್ರೇನು?"

ನಾನು ಕಂಬಳಿ ಮೇಲಕ್ಕೆ ಎಳೆದುಕೊಂಡೆ. "ನನಗ ಗೊತ್ತಿತ್ತು ತಗೋರಿ" ಎಂದು ಆಕೆ ಚೀಲವನ್ನು ಇನ್ನೊಂದು ಕಾಲಿಗೆ ಸರಿಸಿದಳು. ಆಮೇಲೂ ನನ್ನ ಪಾದ ಹಿಡಿದ ಕೈ ಬಿಡಲಿಲ್ಲ. ಅದನ್ನು ನೋಡಿಯೂ ನೋಡದವನಂತೆ ಇದ್ದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಸಂತನಾಗಿಯೇ ಗದಗಕ್ಕೆ ಮರಳುತ್ತಿದ್ದೆ. ಸಂಜೆ ಮುದುಕ ಕೋಣೆಗೇ ಬಂದ. "ನನ್ನ ದೆಸೆಯಿಂದ ನೀವು ಬೆಟ್ಟದ ಚೆಂದ ನೋಡಲಿಲ್ಲ. ನಾಳೆ ನನ್ನ ಅತಿಥಿಯಾಗಿ ಮತ್ತೆ ಬರಬೇಕು, ನಾನೇ ನಿಮಗೆ ಸ್ಕೀ ಕಲಿಸುತ್ತೇನೆ" ಎಂದ. ಕರೆದವರ ಮುಖದ ಮೇಲೆ ಒಲ್ಲೆ ಅನ್ನುವುದು ನಮ್ಮಲ್ಲಿ ಇಲ್ಲ. "ಆಗಲ್ರಿ, ಬರ್ತೇನಿ" ಎಂದು ಹೇಳಿ ಹೋಗದೇ ಇದ್ದುಬಿಡುತ್ತೇವೆ. ಕರೆದವರೂ ದಾರಿ ಕಾಯುವುದಿಲ್ಲ. ನಾನು ಎರಡೂ ಕೈ ಜೋಡಿಸಿ ಖಂಡಿತ ಬರುತ್ತೇನೆ ಎಂದೆ. ಮುದುಕ ಹೋದ ಮೇಲೆ ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಬೆಳಿಗ್ಗೆ ಕೆಳಗೆ ಜೀಪಿನ ಹಾರ್ನ್ ಕೇಳಿತು.

"ಹೋಗಿ ನೆಟ್ಟಗ ಒಲ್ಲೆ ಅಂತ ಹೇಳಿ ಬರ್ರಿ. ಒಂದ ಮಾತು. ನಾಲಿಗಿ ಏನು ಸವೆಯೂದಿಲ್ಲ" ಎಂದಳು ಹೆಂಡತಿ. ಮೆಟ್ಟಿಲು ಇಳಿಯುತ್ತ ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡೇ ಹೋದೆ. ಮುದುಕ ಮಕ್ಕಳ ಹಾಗೆ ನಗುತ್ತ, ನನಗೆಂದೇ ತಂದ ಒಂದು ಜೊತೆ ಸ್ಕೀ ಎತ್ತಿ ತೋರಿಸಿದ. ನನ್ನ ಬಾಯಿಂದ ಬಂದದ್ದು "ಗುಡ್ ಮಾರ್ನಿಂಗ್".

ಜೀಪು ಹೊರಟಿತು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಆಕಾಶವನ್ನು ಈ ತುದಿಯಿಂದ ಆ ತುದಿಯ ತನಕ ಹುಡುಕಿದೆ. ನಿನ್ನೆ ನನ್ನ ಜೀವ ತೆಗೆಯಲು ಬಂದ ಅಷ್ಟು ಮೋಡಗಳಲ್ಲಿ ಇಂದು ಉಳಿಸಲು ಒಂದಾದರೂ ಬರಬಾರದೇ? ತೊಳೆದಿಟ್ಟ ಹಾಗೆ ನೀಲಿ. ಮತ್ತೂ ಕತ್ತು ಉದ್ದ ಮಾಡಿ ಬೆಟ್ಟದ ಹಿಂದೆ ಏನಾದರೂ ಇದೆಯೇ ಎಂದು ನೋಡುತ್ತಿದ್ದೆ. ಮುದುಕ ನನ್ನ ಬೆನ್ನು ತಟ್ಟಿ ಡ್ರೈವರನಿಗೆ ಹೇಳಿದ: "ಸ್ವಲ್ಪ ಬೇಗ ಬಿಡಪ್ಪ. ಇವರಿಗೆ ತಡೆಯಲಾಗುತ್ತಿಲ್ಲ."